ಏಳು ಸ್ಮಶಾನಗಳ ಹುಲ್ಲು ಕತ್ತರಿಸುವ ಕೆಲಸವನ್ನು ಸಸ್ಯವಿಜ್ಞಾನಿಗೆ ಕೊಡುವ ಬಗ್ಗೆ

ಇಂದ:
ಡಾ. ಆಡ್ರಿ ಪೋಸ್ಪಿಶಿಲ್,
ನಿವೃತ್ತ ಪ್ರಾಧ್ಯಾಪಕಿ, ಸಸ್ಯ ಪರಿಸರ ವಿಜ್ಞಾನ,
ವಾಲ್‌ನಟ್ ಬೆಂಡ್, ಅಯೋವಾ.

ಗೆ:
ಶ್ರೀಮತಿ ಆರ್ಡಿಸ್ ಕ್ನೂಟ್ಸನ್, ಅಧ್ಯಕ್ಷರು,
ಸ್ಮಶಾನ ಸಮಿತಿ, ವಾಲ್‌ನಟ್ ಬೆಂಡ್.

ವಿಷಯ: ತೆರವಾಗಿರುವ ಹುಲ್ಲು ಕತ್ತರಿಸುವವರ ಹುದ್ದೆ ಕೋರಿ.

ಉಲ್ಲೇಖ: 1) ಅಂಚೆ ಕಚೇರಿಯ ಬಾಗಿಲಿಗೆ ತಾವು ಅಂಟಿಸಿದ ಪ್ರಕಟಣೆ. 2) 2009ರ ಸಮಿತಿ ನಿರ್ಣಯ, ಅದನ್ನು ಬರೆದುಕೊಟ್ಟವಳೂ ಈ ಅರ್ಜಿದಾರಳೇ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಡಾಕ್ಟರೇಟ್ ಪಡೆದು, ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು ಈ ಹುದ್ದೆಗೆ ಏಕೆ ಬಂದಳೆಂದು ಸಮಿತಿಯ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಸಹಜ. ಆದ್ದರಿಂದ ಹಿನ್ನೆಲೆಯನ್ನು ಈ ಕೆಳಗೆ ನಿವೇದಿಸಲಾಗಿದೆ.

1. ಅರ್ಜಿದಾರಳು 1993ರಲ್ಲಿ ಈ ಪ್ರದೇಶಕ್ಕೆ ಬಂದದ್ದು ದಿಕ್ಸೂಚಿ ಗಿಡದ ಅಧ್ಯಯನಕ್ಕೆ. ಹಳದಿ ಹೂವು, ಆಳೆತ್ತರದ ದಂಟು, ಉತ್ತರ-ದಕ್ಷಿಣಕ್ಕೆ ಅಂಚು ತಿರುಗಿಸಿ ನಿಲ್ಲುವ ಎಲೆ. ಒಂದು ಕಾಲಕ್ಕೆ ಈ ಇಡೀ ಸೀಮೆ ಅದರದ್ದೇ ಆಗಿತ್ತು. ಈಗ ಎಲ್ಲ ಕಡೆ ಮೆಕ್ಕೆಜೋಳ. ನೇಗಿಲು ಮುಟ್ಟದ ನೆಲ ಉಳಿದದ್ದು ಸ್ಮಶಾನಗಳಲ್ಲಿ ಮಾತ್ರ. ಕಾರಣ, ಅಜ್ಜ ಅಜ್ಜಿಯರ ಮೇಲೆ ಉಳುಮೆ ಮಾಡಲು ಯಾರಿಗೂ ಧೈರ್ಯ ಬರಲಿಲ್ಲ. ಹೀಗಾಗಿ ಗಿಡಗಳು ಏಳು ಸ್ಮಶಾನಗಳ ಬೇಲಿಯಂಚಿನಲ್ಲಿ, ನಡುವೆ ಮೈಲುಗಟ್ಟಲೆ ಜೋಳ ಇಟ್ಟುಕೊಂಡು, ಬೇರೆಬೇರೆಯಾಗಿ ಬದುಕಿದ್ದವು.

2. ಅರ್ಜಿದಾರಳು ಒಂದೊಂದು ಗಿಡದಿಂದಲೂ ಎಲೆಚೂರು ತಂದು, ವಂಶವಾಹಿಗಳನ್ನು ಹೋಲಿಸಿ, ಯಾವ ಸ್ಮಶಾನದ ಗಿಡ ಯಾವ ಸ್ಮಶಾನದ ಗಿಡಕ್ಕೆ ನೆಂಟ ಎಂದು ನಕ್ಷೆ ಬರೆದಳು. ಆಶ್ಚರ್ಯವೆಂದರೆ, ನೆಂಟಸ್ತನ ಒಂದೇ ಸರಣಿಯಲ್ಲಿ ಸಾಗಿತ್ತು: ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಹಳ್ಳ ದಾಟಿ ಐದನೆಯದಕ್ಕೆ, ಮತ್ತೆ ಹಿಂದಕ್ಕೆ ಮೂರನೆಯದಕ್ಕೆ, ಹೀಗೆ ಸೊಟ್ಟಸೊಟ್ಟಗೆ ಹೋಗಿ ಬೆಟ್ಟದ ಮೇಲಿನ ಲುಥೆರನ್ ಚರ್ಚಿನ ಸ್ಮಶಾನದಲ್ಲಿ ಕೊನೆಗೊಂಡಿತ್ತು. ಇದನ್ನು ದುಂಬಿಗಳ ಕೆಲಸವೆಂದು ಅರ್ಜಿದಾರಳು 2004ರಲ್ಲಿ ಸಾರಿದಳು. ದುಂಬಿಗಳು ಹಳ್ಳ ದಾಟಿ ಐದನೆಯದಕ್ಕೇ ಏಕೆ ಹೋಗಬೇಕು ಎಂಬುದಕ್ಕೆ ಸಂಜೆಗಾಳಿಯ ಕುರಿತು ಹನ್ನೊಂದು ಪುಟ ಬರೆದಳು. ವಿದ್ವಾಂಸರು ಆ ಹನ್ನೊಂದು ಪುಟಗಳನ್ನೇ ಹೆಚ್ಚಾಗಿ ಹೊಗಳಿದರು. ಅರ್ಜಿದಾರಳ ಕೆಲಸ ಕಾಯಂ ಆದದ್ದು, ಬಡ್ತಿ ಸಿಕ್ಕಿದ್ದು, ಮೂರು ಖಂಡಗಳಲ್ಲಿ ಭಾಷಣಕ್ಕೆ ಕರೆ ಬಂದದ್ದು ಎಲ್ಲವೂ ಆ ಗಾಳಿಯಿಂದಲೇ.

3. ತಮ್ಮ ಸಮಿತಿಯ ಹುಲ್ಲು ಕತ್ತರಿಸುವವರಾಗಿದ್ದ ಶ್ರೀ ಮಾರ್ಲಿನ್ ಹಾರ್ಮ್ಸ್ ಅವರೊಂದಿಗೆ ಅರ್ಜಿದಾರಳ ಸಂಬಂಧ ಮೊದಲಿನಿಂದಲೂ ಚೆನ್ನಾಗಿರಲಿಲ್ಲ. ಅವರು ಬೇಸಿಗೆಯಿಡೀ ಬೇಲಿಯಂಚನ್ನು ಬಿಟ್ಟು, ಅಕ್ಟೋಬರಿನ ಕೊನೆಯ ಸುತ್ತಿನಲ್ಲಿ ಅದನ್ನೂ ಬೋಳಿಸುತ್ತಿದ್ದರು. ಅರ್ಜಿದಾರಳು ಯಂತ್ರದ ಮುಂದೆ ನಿಂತು ಜಗಳವಾಡುತ್ತಿದ್ದಳು. ಹಾರ್ಮ್ಸ್ ಅವರು ಯಂತ್ರ ನಿಲ್ಲಿಸಿ, ಟೋಪಿ ಹಿಂದಕ್ಕೆ ಸರಿಸಿ, ಪ್ರತಿ ವರ್ಷ ಒಂದೇ ಮಾತು ಕೇಳುತ್ತಿದ್ದರು: "ಡಾಕ್ಟ್ರಮ್ಮ, ನೆಗಡಿಗೆ ಮಾತ್ರೆ ಕೊಡಕ್ಕೂ ಬರಲ್ಲ ನಿಮ್ಗೆ. ಅದ್ಯಾವ ಡಾಕ್ಟ್ರು ನೀವು?"

ಕೊನೆಗೆ 2009ರಲ್ಲಿ ಅರ್ಜಿದಾರಳು ತಮ್ಮ ಸಭೆಗೆ ಬಂದು ನಲವತ್ತು ನಿಮಿಷ ಮಾತನಾಡಿ, ಬೇಲಿಯಂಚಿನಲ್ಲಿ ಎಂದೆಂದಿಗೂ ಹುಲ್ಲು ಕತ್ತರಿಸಬಾರದೆಂಬ ನಿರ್ಣಯ ಮಾಡಿಸಿಕೊಂಡಳು. ಆ ಭಾಷಣದಲ್ಲಿ ಹಾರ್ಮ್ಸ್ ಅವರ ಯಂತ್ರವನ್ನು 'ನಾಲ್ಕು ಚಕ್ರದ ಬರಗಾಲ' ಎಂದು ಕರೆದಳು. ಸದಸ್ಯರು ನಕ್ಕರು. ಹಾರ್ಮ್ಸ್ ಅವರು ಹಿಂದಿನ ಸಾಲಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಅಂದಿನಿಂದ ಅಂಚಿಗೆ ಯಂತ್ರ ತರಲಿಲ್ಲ.

4. ಹೋದ ವರ್ಷ, ನಿವೃತ್ತಿಗೆ ಎರಡು ತಿಂಗಳಿರುವಾಗ, ಅರ್ಜಿದಾರಳು ಹಳೆಯ ಮತ್ತು ಹೊಸ ಎಲೆಚೂರುಗಳನ್ನೆಲ್ಲ ಹೊಸದೊಂದು ಪರೀಕ್ಷೆಗೆ ಒಡ್ಡಿದಳು. ಗಿಡಕ್ಕೆ ತಾಯಿಯ ಕಡೆಯಿಂದ ಮಾತ್ರ ಬರುವ ವಂಶವಾಹಿಗಳಿರುತ್ತವೆ. ದುಂಬಿ ಹೊತ್ತೊಯ್ಯುವ ಪರಾಗ ತಂದೆಯ ಕಡೆಯದು; ತಾಯಿಯ ಕಡೆಯದು ಊರು ಬದಲಿಸಬೇಕಾದರೆ ಬೀಜವೇ ಹೋಗಬೇಕು. ಪರೀಕ್ಷೆಯ ಪ್ರಕಾರ ಸೊಟ್ಟ ದಾರಿಯುದ್ದಕ್ಕೂ ಸಾಗಿದ್ದು ಬೀಜ. ಎಂದರೆ, ದುಂಬಿಗಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟೇ ಅಲ್ಲ, 2009ರ ನಂತರ ಹುಟ್ಟಿದ ಗಿಡಗಳಲ್ಲಿ ಒಂದೂ ಬೇರೆ ಸ್ಮಶಾನದಿಂದ ಬಂದದ್ದಲ್ಲ. ಮೂರನೆಯ ಸ್ಮಶಾನದಲ್ಲಿ ಉಳಿದಿರುವುದು ಹನ್ನೊಂದು ಗಿಡ, ಎಲ್ಲ ಒಡಹುಟ್ಟಿದವು; ಹೂ ಬಿಡುತ್ತವೆ, ನೆಂಟರಲ್ಲದ ಗಿಡದ ಪರಾಗ ಸಿಗದೆ ಬೀಜ ಜೊಳ್ಳು.

5. ಕಾರಣ ತಿಳಿಯದೆ ಅರ್ಜಿದಾರಳು ಲೊರೇನಳ ಹೋಟೆಲಿನಲ್ಲಿ ನಕ್ಷೆ ಹರಡಿಕೊಂಡು ಕುಳಿತಿದ್ದಾಗ, ಪಕ್ಕದ ಮೇಜಿನಿಂದ ಹಾರ್ಮ್ಸ್ ಅವರು ಸೇಬಿನ ಪೈ ತಟ್ಟೆ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು.

"ನಾನು ಅಕ್ಟೋಬರಲ್ಲಿ ಹೋಗೋ ದಾರೀಗೆ ಯಾಕೆ ಬಣ್ಣ ಹಚ್ಚಿದೀರಿ?" ಎಂದರು.

ಅದು ಗಿಡಗಳ ದಾರಿ ಎಂದು ಅರ್ಜಿದಾರಳು ತಿದ್ದಿದಳು.

"ಗಿಡ ಎರಡನೇದ್ರಿಂದ ಐದನೇದಕ್ಕೆ ಯಾಕ್ ಹೋಗುತ್ತೆ? ಅದಕ್ಕೂ ಮಧ್ಯಾಹ್ನ ಇಲ್ಲಿ ಬಂದು ಪೈ ತಿನ್ಬೇಕಾ?"

ಲೊರೇನಳ ಹೋಟೆಲಿರುವುದು ಎರಡನೆಯ ಮತ್ತು ಐದನೆಯ ಸ್ಮಶಾನಗಳ ನಡುವೆ ಎಂಬುದು ಸಮಿತಿಗೆ ತಿಳಿದೇ ಇದೆ. ಅರ್ಜಿದಾರಳಿಗೂ ಮೂವತ್ತು ವರ್ಷಗಳಿಂದ ತಿಳಿದಿತ್ತು. ಒಂದು ಕಡೆ ಕತ್ತರಿಸಿದ ಮೇಲೆ ಯಂತ್ರವನ್ನು ತೊಳೆಯುತ್ತಿದ್ದಿರಾ ಎಂದು ಅವಳು ಕೇಳಿದಳು. ಹುಲ್ಲಿನ ಯಂತ್ರ ತೊಳೆಯುವವರು ಯಾರಾದರೂ ಇದ್ದಾರೆಯೇ, ಅಂಟಿದ ಕಸ ಮುಂದಿನ ಕಡೆ ತಾನಾಗಿಯೇ ಉದುರುತ್ತದೆ ಎಂದು ಅವರು ಉತ್ತರಿಸಿದರು.

ಲುಥೆರನ್ ಸ್ಮಶಾನ ಕೊನೆಗೇ ಏಕೆ ಎಂಬ ಪ್ರಶ್ನೆ ಉಳಿದಿತ್ತು; ಅದನ್ನೂ ಕೇಳಿದಳು. ಅದು ಊರಿಗೆ ಹತ್ತಿರದಲ್ಲೇ ಇದೆ, ಮೊದಲೇ ಮುಗಿಸಬಹುದಿತ್ತು. ಅಲ್ಲಿಯ ಗಿಡಗಳಲ್ಲಿ ಏಳೂ ಕಡೆಯ ವಂಶವಾಹಿಗಳಿದ್ದುದರಿಂದ, ಹಿಮಯುಗದ ನಂತರ ಗಿಡ ಮೊದಲು ಬೇರುಬಿಟ್ಟ ತವರು ಅದೇ ಎಂದು ಅರ್ಜಿದಾರಳು ಬರೆದಿದ್ದಳು. ಹಾರ್ಮ್ಸ್ ಅವರು ಫೋರ್ಕನ್ನು ತಟ್ಟೆಯಲ್ಲಿಟ್ಟರು.

"ಅಲ್ಲಿ ಡೊನ್ನಾ ಇದಾಳೆ. ಎಂಬತ್ಮೂರರಲ್ಲಿ ಹೋದ್ಲು. ಹೆಂಡ್ತಿ ಹತ್ರ ಹೋಗ್ಬಂದ್ಮೇಲೆ ಇನ್ನೊಂದ್ಕಡೆ ಹೋಗಿ ಕೆಲ್ಸ ಮಾಡಕ್ಕೆ ಮನಸ್ಸಾಗಲ್ಲ. ಅದ್ಕೇ ಅದು ಕೊನೇಲಿ."

ಡೊನ್ನಾ ಅವರ ಸಮಾಧಿಯ ಕಲ್ಲು ಬೇಲಿಯಂಚಿನಲ್ಲಿದೆ. ನಿರ್ಣಯವಾದ ಮೇಲೆ ಅಲ್ಲಿ ಯಂತ್ರ ಹಾಯಿಸುವಂತಿರಲಿಲ್ಲವಾದ್ದರಿಂದ, ಹಾರ್ಮ್ಸ್ ಅವರು ಹದಿನಾಲ್ಕು ವರ್ಷ ಮಂಡಿಯೂರಿ, ಅಡುಗೆಮನೆಯ ಕತ್ತರಿಯಿಂದ, ಹೆಸರು ಕಾಣುವಷ್ಟು ಹುಲ್ಲನ್ನು ಮಾತ್ರ ಕತ್ತರಿಸಿದ್ದರು. ಇದನ್ನು ಹೇಳಿದ್ದು ಲೊರೇನ, ಅವರಲ್ಲ.

6. ಅರ್ಜಿದಾರಳು ಹೊರಗೆ ಹೋಗಿ ಕಾರಿನಲ್ಲಿ ಬಹಳ ಹೊತ್ತು ಕುಳಿತಳು. ಆಮೇಲೆ ಒಳಗೆ ಬಂದು, ಬೀಜ ಸಾಗಿಸಿದ್ದು ಅವರ ಯಂತ್ರವೆಂದೂ, ಅದನ್ನು ತಡೆದು ಗಿಡಗಳನ್ನು ಈ ಸ್ಥಿತಿಗೆ ತಂದದ್ದು ತಾನೆಂದೂ ಒಪ್ಪಿಕೊಂಡಳು.

"ಅಷ್ಟ್ ವರ್ಷ ಗಿಡ ಕೊಲ್ತೀನಿ ಅಂತ ಬೈದ್ರಿ. ಈಗ ನಾನೇ ಅದ್ರ ಅಪ್ಪ ಅಂತೀರಾ?"

"ಅಪ್ಪ ಅಲ್ಲ ಮಾರ್ಲಿನ್, ಬಸ್ ಡ್ರೈವರ್ರು."

ಅವರು ಸ್ವಲ್ಪ ಯೋಚಿಸಿ, ಅಷ್ಟಾದರೆ ಪರವಾಗಿಲ್ಲ ಎಂದರು.

7. 2004ರ ಪ್ರಬಂಧವನ್ನು ಹಿಂಪಡೆಯುವುದಾಗಿ ಅರ್ಜಿದಾರಳು ತಿಳಿಸಿದಾಗ ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಕೊಂಡು, "ಎರಡು ತಿಂಗಳು ಸುಮ್ನಿದ್ಬಿಡಿ ಆಡ್ರಿ. ಯಾರೂ ಕೇಳಲ್ಲ" ಎಂದರು. ಸುಮ್ಮನಿರಲಿಲ್ಲ. ಪರಿಣಾಮವಾಗಿ ಬೀಳ್ಕೊಡುಗೆ ಸಮಾರಂಭಕ್ಕೆ ಒಂಬತ್ತು ಜನ ಬಂದರು. ಕೇಕನ್ನು ಮೊದಲೇ ಹೇಳಿಯಾಗಿದ್ದರಿಂದ ಅದರ ಮೇಲೆ ಸಕ್ಕರೆಯ ದುಂಬಿಗಳಿದ್ದವು. ಅರ್ಜಿದಾರಳು ನಾಲ್ಕು ದುಂಬಿ ತಿಂದಳು; ಉಳಿದವನ್ನು ಯಾರೂ ಮುಟ್ಟಲಿಲ್ಲ.

8. ಈ ವಸಂತದಲ್ಲಿ ಹಾರ್ಮ್ಸ್ ಅವರಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಹುದ್ದೆ ತೆರವಾಗಿದೆ. ಪ್ರತಿ ಸ್ಮಶಾನದ ನಂತರವೂ ಯಂತ್ರವನ್ನು ತೊಳೆದು ಒರೆಸುವುದಾಗಿ ಹೇಳಿಕೊಳ್ಳುವ ಕಂಪನಿಯೊಂದು ಸ್ಪರ್ಧೆಯಲ್ಲಿದೆ ಎಂದು ಕೇಳಿದೆ. ಅಷ್ಟು ಶುಚಿತ್ವವನ್ನು ಮೂರನೆಯ ಸ್ಮಶಾನದ ಗಿಡಗಳು ತಾಳಲಾರವು.

ಆದ್ದರಿಂದ 2009ರ ನಿರ್ಣಯವನ್ನು ರದ್ದುಪಡಿಸಿ, ಅಕ್ಟೋಬರಿನಲ್ಲಿ ಬೇಲಿಯಂಚನ್ನು ಹಾರ್ಮ್ಸ್ ಅವರ ಹಳೆಯ ಕ್ರಮದಲ್ಲೇ, ಊಟದ ವಿರಾಮವೂ ಸೇರಿದಂತೆ, ಯಂತ್ರ ತೊಳೆಯದೆ ಕತ್ತರಿಸುವ ಜವಾಬ್ದಾರಿಯನ್ನು ಅರ್ಜಿದಾರಳಿಗೆ ವಹಿಸಬೇಕೆಂದು ಕೋರಿದೆ. 2009ರಲ್ಲಿ ತನ್ನ ಮಾತನ್ನು ಸಮಿತಿ ನಂಬಿದ್ದಕ್ಕಾಗಿ ಅವಳು ವಿಷಾದಿಸುತ್ತಾಳೆ.

ತಮ್ಮ ವಿಶ್ವಾಸಿ,
ಆಡ್ರಿ ಪೋಸ್ಪಿಶಿಲ್

ಅಡಕಗಳು:
ಅ) ಪ್ರಬಂಧ ಹಿಂಪಡೆದ ಪತ್ರದ ಪ್ರತಿ.
ಆ) ಅರ್ಜಿದಾರಳಿಗೆ ಯಂತ್ರ ಓಡಿಸಲು ಬರುತ್ತದೆಂದು ಹೋಟೆಲಿನ ಕಾಗದದ ಕರವಸ್ತ್ರದ ಮೇಲೆ ಶ್ರೀ ಹಾರ್ಮ್ಸ್ ಬರೆದುಕೊಟ್ಟ ದೃಢೀಕರಣ: "ಮೂರನೇ ಸಲಕ್ಕೆ ಪಾಸು."
ಇ) ಮೊದಲ ಎರಡು ಸಲಗಳಲ್ಲಿ ಯಂತ್ರ ತಗುಲಿ ವಾಲಿದ ಸಮಾಧಿಯ ಕಲ್ಲನ್ನು ನೆಟ್ಟಗೆ ಮಾಡಿದ್ದರ ಛಾಯಾಚಿತ್ರ.

ವಿ.ಸೂ.: ಸಂದರ್ಶನವನ್ನು ಮಂಗಳವಾರ ಬಿಟ್ಟು ಯಾವ ದಿನವಾದರೂ ಇರಿಸಬಹುದು. ಮಂಗಳವಾರಗಳಂದು ಅರ್ಜಿದಾರಳು ಶ್ರೀ ಹಾರ್ಮ್ಸ್ ಅವರನ್ನು ಕಾರಿನಲ್ಲಿ ಬೆಟ್ಟದ ಸ್ಮಶಾನಕ್ಕೆ ಕರೆದುಕೊಂಡು ಹೋಗಬೇಕಾಗಿರುತ್ತದೆ. ಅವರು ಅಲ್ಲಿ ಒಳಗಿರುವಷ್ಟು ಹೊತ್ತು ಗೇಟಿನ ಹೊರಗೆ ಕಾರು ನಿಲ್ಲಿಸಿಕೊಂಡಿರಲು ಅನುಮತಿ ನೀಡಬೇಕಾಗಿಯೂ ಕೋರಿದೆ.