ನನ್ನ ತಮ್ಮನ ದಪ್ಪ ದನಿ

ನನ್ನ ತಮ್ಮ ಗಾಯಕ. ಇಪ್ಪತ್ತೆರಡು ನಿಮಿಷದ ಹಾಡಿನಲ್ಲಿ ಮೂರು ನಿಮಿಷ ಹಾಡುತ್ತಾನೆ. ಉಳಿದ ಹತ್ತೊಂಬತ್ತು ನಿಮಿಷ ಮೈಕಿನ ಮುಂದೆ ಸುಮ್ಮನೆ ನಿಂತಿರುತ್ತಾನೆ. ಇಂಥ ಸುಖದ ಕೆಲಸ ಮುಂಬೈಯಲ್ಲಿ ಇನ್ನಾರಿಗಾದರೂ ಸಿಕ್ಕಿದೆಯೇ? ನಾನು ಎರಡು ನಿಮಿಷ ಸುಮ್ಮನೆ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯುತ್ತದೆ!

ಈ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರಂತೆ. "ಹಂಗಂದ್ರೇನೋ?" ಎಂದು ಕೇಳಿದ್ದೆ.

"ಅಕ್ಕಾ, ಇದರಾಗ ತಾಳ ಬದಲಾಗಕೋತ ಹೋಗತೈತಿ. ಮೊದಲ ಏಳು, ಆಮ್ಯಾಲೆ ಐದು, ಆಮ್ಯಾಲೆ ಹನ್ನೊಂದು."

"ಯಾಕ, ಒಂದರಾಗ ನಿಂದ್ರಾಕ ಏನ್ ಧಾಡಿ?"

ಅವನು ನಕ್ಕ. ಅವನು ನಕ್ಕರೆ ನಮ್ಮ ಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲೇ ಜುಮ್ಮೆನ್ನುತ್ತವೆ, ಅಂಥ ದನಿ. ಈ ಜಾತಿಯ ಹಾಡುಗಾರರು ಬಹಳ ಜನ ಮೇಲಿನ ಸ್ವರದಲ್ಲಿ ಚೀರುವವರಂತೆ. ಪಾತಾಳದಿಂದ ಹಾಡುವವನು ಈ ಊರಲ್ಲಿ ತಾನೊಬ್ಬನೇ ಎಂಬ ಜಂಬ ಬೇರೆ.

ಹದಿನೈದನೇ ವಯಸ್ಸಿಗೆ ಅವನ ದನಿ ಒಡೆಯಿತು. ಎಲ್ಲ ಹುಡುಗರದೂ ಒಡೆಯುತ್ತದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಇವನದು ಇಳಿಯುತ್ತಲೇ ಹೋಯಿತು. ಆ ವರ್ಷ ನನಗೆ ಗೊತ್ತುಮಾಡಿದ್ದ ಹುಡುಗನ ತಂದೆ ವಿಜಯಪುರದಿಂದ ಫೋನ್ ಮಾಡಿದರು. ಅಪ್ಪ ಸ್ನಾನಕ್ಕೆ ಹೋಗಿದ್ದ. ಫೋನ್ ಎತ್ತಿದವನು ಇವನು. "ನಮಸ್ಕಾರ್ರೀ" ಎಂದ ದನಿ ಕೇಳಿ ಅವರು ಬೀಗರೇ ಇರಬೇಕೆಂದುಕೊಂಡು, ಮದುವೆ ಮೇ ತಿಂಗಳಲ್ಲಿ, ವಿಜಯಪುರದಲ್ಲೇ ಎಂದರು. ದೊಡ್ಡವರಿಗೆ ಎದುರಾಡಬಾರದೆಂದು ಇವನು "ಆಗಲ್ರೀ" ಎಂದುಬಿಟ್ಟ! ಮೇ ತಿಂಗಳ ವಿಜಯಪುರ ಗೊತ್ತೇ ನಿಮಗೆ? ಮದುವೆಯ ಫೋಟೋದಲ್ಲಿ ನಾನು ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಬೆವರು.

ಒಮ್ಮೆ ಬೈಕುಲ್ಲಾದ ಹಳೆಯ ಗೋದಾಮೊಂದರಲ್ಲಿ ಅವನ ಕಾರ್ಯಕ್ರಮಕ್ಕೂ ಹೋಗಿದ್ದೆವು. ಹಾಡು ನಾಲ್ಕನೇ ನಿಮಿಷಕ್ಕೆ ನಿಂತಿತು. ನನ್ನ ಗಂಡ ಜೋರಾಗಿ ಚಪ್ಪಾಳೆ ತಟ್ಟಿದರು. ಮುಗಿದಿರಲಿಲ್ಲ! ಒಂಬತ್ತನೇ ನಿಮಿಷಕ್ಕೆ ಮತ್ತೆ ನಿಂತಿತು, ಇವರು ಮತ್ತೆ ತಟ್ಟಿದರು, ಡ್ರಮ್ಮಿನವನು ಕೆಕ್ಕರಿಸಿ ನೋಡಿದ. ಕೊನೆಗೆ ಹಾಡು ನಿಜವಾಗಿಯೂ ಮುಗಿದಾಗ ಚಪ್ಪಾಳೆ ತಟ್ಟುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ನಗುತ್ತಿದ್ದೀರಿ. ನಗಿರಿ, ನಿಮಗೇನು! ಎರಡು ವರ್ಷಗಳಿಂದ ಆ ದನಿ ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕಾರಣ ನಮ್ಮವ್ವ.

ಅಪ್ಪ ಹೋದ ಮೇಲೆ ಅವ್ವ ದಾದರಿನಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಸ್ನಾನಕ್ಕೆ ನೀರು ಕಾಸುವವಳು ನಾನು, ಗುಳಿಗೆ ಕೊಡುವವಳು ನಾನು, ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಡುವವಳೂ ನಾನೇ. ಆದರೆ ನಾನು ಏನೇ ಹೇಳಲಿ, "ಆಂ? ಏನಂದಿ?" ನಾನು ಕೂಗಬೇಕು, ಮತ್ತೆ ಕೂಗಬೇಕು. ವಯಸ್ಸಾದವರ ಮೇಲೆ ಹೀಗೆ ಹರಿಹಾಯಬಾರದು ಎಂದು ಪಕ್ಕದ ಮನೆಯ ಮರಾಠಿ ಬಾಯಿ ಬಂದು ಬುದ್ಧಿ ಹೇಳಿ ಹೋದಳು! ಭಾನುವಾರ ದಹಿಸರಿನಿಂದ ತಮ್ಮ ಬರುತ್ತಿದ್ದ. ಕಾಲು ಚಾಚಿ ಕೂತು ಮೆಲ್ಲಗೆ ಏನೋ ಗುನುಗುತ್ತಿದ್ದ. ಅವ್ವನಿಗೆ ಪ್ರತಿ ಅಕ್ಷರವೂ ಕೇಳುತ್ತಿತ್ತು. ಮಗ ಬಂದರೆ ಕಿವಿ ತಾನಾಗಿ ತೆರೆಯುತ್ತದೆ ನೋಡಿ! ದುಡಿಯುವವಳು ಮಗಳು, ಮಾತು ಮಗನ ಜೊತೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ಭಾನುವಾರ ಅವ್ವ ನನ್ನೆದುರಿಗೇ ಅವನಿಗೆ ಹೇಳಿದಳು: "ತಮ್ಮಾ, ನನ್ನ ದಹಿಸರಿಗೆ ಕರಕೊಂಡು ಹೋಗೋ."

ಅವನ ಮನೆ ಎಂದರೆ ಒಂದೇ ಕೋಣೆ, ಅದರಲ್ಲೂ ಮುಕ್ಕಾಲು ಪಾಲು ಸ್ಪೀಕರುಗಳು. ಅಲ್ಲಿಗೆ ಹೋಗುತ್ತಾಳಂತೆ! "ಕರಕೊಂಡು ಹೋಗು, ನಾನೂ ಒಂದಿನ ಆರಾಮ ಇರತೇನಿ" ಎಂದು ಪಾತ್ರೆ ಕುಕ್ಕಿದೆ. ಆ ಮಾತೂ ಅವ್ವನಿಗೆ ಕೇಳಲಿಲ್ಲ. ಅದನ್ನು ತಮ್ಮ ಗಮನಿಸಿದ. ಮರುದಿನವೇ ನಮ್ಮಿಬ್ಬರನ್ನೂ ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ.

ಡಾಕ್ಟರು ಹೇಳಿದ್ದು ಇಷ್ಟೇ: ವಯಸ್ಸಾದಂತೆ ಕಿವಿಗೆ ಮೊದಲು ಕೇಳದಾಗುವುದು ಮೇಲಿನ ಸ್ವರದ ಸಣ್ಣ ದನಿ. ದಪ್ಪ ದನಿ ಕೊನೆಯವರೆಗೂ ಕೇಳುತ್ತದೆ. ನಿಮ್ಮ ದನಿ ಸಣ್ಣದು. ಕೂಗಿದರೆ ಇನ್ನೂ ಕೀಚಲಾಗುತ್ತದೆ. ಕಿವಿಗೆ ಯಂತ್ರ ಕೊಟ್ಟರು. ಅದು ಸಿಳ್ಳೆ ಹೊಡೆಯುತ್ತದೆಂದು ಅವ್ವ ಎರಡೇ ದಿನಕ್ಕೆ ತೆಗೆದಿಟ್ಟಳು.

ಮುಂದಿನ ಭಾನುವಾರ ತಮ್ಮ ಬರುವ ಹೊತ್ತಿಗೆ ಅವ್ವ ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಬಾಗಿಲ ಬಳಿ ಕೂತಿದ್ದಳು. ಅವನಿಗೆ ಅವತ್ತು ಕಾರ್ಯಕ್ರಮವಿತ್ತು, ಫೋನ್ ಬಡಿದುಕೊಳ್ಳುತ್ತಿತ್ತು. ಅದನ್ನು ಬಂದ್ ಮಾಡಿ ಅವಳ ಪಕ್ಕದಲ್ಲಿ ಕೂತ.

"ಅವ್ವಾ, ಅಕ್ಕನ ಬಿಟ್ಟು ಯಾಕ ಹೊಂಟಿ?" ಎಂದು ಕೇಳಿದ. ದನಿ ಏರಿಸಲೂ ಇಲ್ಲ.

"ಆಕಿ ನನ್ನ ಕೂಡ ಮಾತಾಡೂದು ಬಿಟ್ಟು ಎರಡು ವರ್ಷ ಆತಪಾ. ಬರೇ ಒದರತಾಳ. ಏನಂತ ಒದರತಾಳ ತಿಳಿಯೂದಿಲ್ಲ, ಮುಖ ನೋಡಿದ್ರ ಸಿಟ್ಟು. ನಾ ಆಕಿಗೆ ಭಾರ ಆಗೇನಿ. ಆಕೀದೇನೂ ತಪ್ಪಿಲ್ಲ ಬಿಡು."

ಎರಡು ವರ್ಷ! "ಚಹಾ ಬಿಸಿ ಐತಿ, ಸಾವಕಾಶ ಕುಡಿ" ಎಂದದ್ದು, "ಕಾಲು ನೋಯತಾವೇನ್ ಅವ್ವಾ?" ಎಂದದ್ದು, ಎಲ್ಲವೂ ಒದರಾಟವಾಗಿ ತಲುಪಿತ್ತೇ? ನನಗೆ ನಿಂತಲ್ಲೇ ಅಳು ಬಂತು.

"ಅಕ್ಕಾ, ಏನ್ ಹೇಳಬೇಕಂತಿ ಹೇಳು. ನಾ ಹೇಳತೇನಿ" ಎಂದ ತಮ್ಮ.

ಅಳುತ್ತಲೇ ಬಾಯಿಗೆ ಬಂದದ್ದು ಹೇಳಿದೆ. ಅವನು ಅವ್ವನ ಕೈ ಹಿಡಿದುಕೊಂಡ. "ಅಕ್ಕ ಹಿಂಗ ಅಂತಾಳ" ಎಂದು ಶುರುಮಾಡಲಿಲ್ಲ, ನಾನೇ ಆಡಿದಂತೆ ಆಡಿದ: "ಅವ್ವಾ, ನನಗ ಸಿಟ್ಟಿಲ್ಲ. ನಿನಗ ಕೇಳಲಿ ಅಂತ ಒದರತಿದ್ದೆ. ನೀ ಹೋದ್ರ ಮುಂಜಾನೆ ಎದ್ದು ಯಾರಿಗೆ ಚಹಾ ಮಾಡ್ಲಿ? ಹೋಗಬ್ಯಾಡ."

ಅವ್ವ ಅವನ ಕಡೆ ನೋಡಲೇ ಇಲ್ಲ. ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟ ಮಾತು ಮೊದಲ ಹೇಳಬಾರದೇನವಾ?" ಎಂದು, ಚೀಲದಿಂದ ಸೀರೆ ತೆಗೆದು ನನ್ನ ಕೈಗೆ ಕೊಟ್ಟಳು.