ಆಡು ಒಪ್ಪಿದ ಪೀಪಿ

ನಾಡನ್ನು ನಿಜಾಮರು ಆಳುತ್ತಿದ್ದ ದಿನಗಳವು. ಹಿಟ್ನಾಳದ ಸನಾದಿ ಊದುವ ಗಿಡ್ಡಪ್ಪನನ್ನು ಅವನ ಹೆಂಡತಿ ಕನಕಮ್ಮ ಆಳುತ್ತಿದ್ದಳು. ಸನಾದಿಯ ತುದಿಗೆ ಸಿಕ್ಕಿಸಿ ಬಾಯಿಗಿಡುವ ಪೀಪಿ ಯಾವುದರದ್ದಿರಬೇಕು ಎಂಬುದೂ ಅವಳ ಅಡುಗೆಮನೆಯ ಕಾರಭಾರಕ್ಕೆ ಸೇರಿಬಿಟ್ಟಿದೆಯೆಂಬುದೇ ಅವನ ದೂರು.

ಹಳೆಯ ಪೀಪಿ ಸೀಳಿಹೋಗಿತ್ತು. ನಾಡಿದ್ದು ಗಂಗಾವತಿಯ ಅಕ್ಕಿ ಗಿರಣಿಯ ವಿರೂಪಾಕ್ಷಪ್ಪನವರ ಮಗಳ ಮದುವೆ. ಅಲ್ಲಿ ಸನಾದಿ ಸುಮ್ಮನಾದರೆ ಮುಂದೆ ಆ ಕಡೆ ಯಾರೂ ಕರೆಯುವುದಿಲ್ಲ. ಗಿಡ್ಡಪ್ಪ ಹಿತ್ತಾಳೆಯದೊಂದು ಪೀಪಿ ಮಾಡಿಸಿ ತಂದ.

“ಕಲಾಯಿ ಇಲ್ಲದ ಹಿತ್ತಾಳಿ ಪಾತ್ರ್ಯಾಗ ನಾ ಸಾರ ಸುದ್ದಾ ಮಾಡಂಗಿಲ್ಲ. ನೀವ್ ಕಿಲುಬು ನೆಕ್ಕತೀರೇನು?” ಎಂದು ಕನಕಮ್ಮ ಕಸಿದುಕೊಂಡಳು.

ಗಿಡ್ಡಪ್ಪ ಹಿತ್ತಿಲ ಕಣಗಿಲೆಯ ಟೊಂಗೆ ಕಡಿದು, ಕೊರೆದು, ಮಹಾಶಿಲ್ಪಿಯ ಗತ್ತಿನಲ್ಲಿ ತುಟಿಗೆ ಒಯ್ಯುವಷ್ಟರಲ್ಲಿ ಅವಳು ಕೈ ಹಿಡಿದಳು. (ಮದುವೆಯಲ್ಲಿಯೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.)

“ಅಯ್ಯ, ಅದು ವಿಷ! ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಆ ಆಡೂ ಇದನ್ನ ಮುಟ್ಟಂಗಿಲ್ಲ. ಹಿಡದ ನೋಡ್ರಿ ಬೇಕಾರ.”

ಹಿಡಿದ. ಹಿತ್ತಿಲಲ್ಲಿ ಕಟ್ಟಿದ್ದ ಅವರ ಆಡು ಮೂತಿ ತಿರುಗಿಸಿತು. ಗಿಡ್ಡಪ್ಪ ಟೊಂಗೆಯನ್ನು ದೂರ ಎಸೆದ.

“ನೀ ಇಲ್ಲದಿದ್ರ ನಾಳೆ ನನ್ನ ಹೆಣದ ಮುಂದ ಬ್ಯಾರೆಯವರು ಊದತಿದ್ರಲ್ಲ!”

ಹೊಳೆದಂಡೆಯಿಂದ ಲಾಳವೆಂಬ ಹುಲ್ಲಿನ ಟೊಳ್ಳು ಕಡ್ಡಿ ತಂದು ಹೊಸ ಪೀಪಿ ಮಾಡಿದ. ಈ ಸಲ ತಾನಾಗಿಯೇ ಭಕ್ತಿಯಿಂದ ಆಡಿನ ಮುಂದೆ ಹಿಡಿದ. ಆಡು ಒಪ್ಪಿತು. ಎಷ್ಟು ಒಪ್ಪಿತೆಂದರೆ, ಪೀಪಿ ಇಡಿಯಾಗಿ ಹೊಟ್ಟೆ ಸೇರಿತು.

“ಖಾತ್ರಿ ಆತಿಲ್ಲೋ? ಕಡ್ಡಿ ಉಳದೈತಿ, ಇನ್ನೊಂದ ಮಾಡ್ರಿ,” ಎಂದಳು ಕನಕಮ್ಮ.

ಮದುವೆಯಲ್ಲಿ ಸನಾದಿ ಜೇನಿನಂತೆ ನುಡಿಯಿತು. ವಿರೂಪಾಕ್ಷಪ್ಪನವರು ಶಾಲು ಹಿಡಿದು ಬಂದರು. “ಪೀಪಿ ಭಾಳ ಛಲೋ ಐತಿ! ಯಾರು ಆರಿಸಿಕೊಟ್ರು?”

ಆಡು ಎನ್ನಲು ನಾಚಿಕೆ. “ನಮ್ಮ ಮನ್ಯಾಗ ಒಬ್ಬ ಉಸ್ತಾದರು ಅದಾರ್ರಿ. ಅವರು ಬಾಯಿಗಿಟ್ಟು ನೋಡಿದ ಮ್ಯಾಲೇ ನಾನು...”

“ಹಂಗಾರ ಶಾಲು ಅವರಿಗೇ ಮುಟ್ಟಸ್ರಿ!”

ಗಿಡ್ಡಪ್ಪ ಹೂಂಗುಟ್ಟಿದ. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿ ಶಾಲು ಹೊದೆಯಲು ಹೋದರೆ ಕನಕಮ್ಮ ಬಿಟ್ಟಾಳೆಯೇ? “ದೊಡ್ಡವರಿಗೆ ಮಾತ ಕೊಟ್ಟ ಬಂದೀರಿ,” ಎಂದು ಒಯ್ದು ಆಡಿಗೆ ಹೊದಿಸಿದಳು.

ಮರುದಿನ ಮುಂಜಾನೆಯ ಚಳಿಯಲ್ಲಿ ಹರಕು ಕಂಬಳಿಯೊಳಗಿಂದ ಗಿಡ್ಡಪ್ಪ ನೋಡುತ್ತಾನೆ: ಉಸ್ತಾದರು ಶಾಲಿನ ಜರಿಯಂಚನ್ನು ಮೆಲ್ಲುತ್ತಿದ್ದಾರೆ. ಹೊಟ್ಟೆ ಉರಿಯಿತು. ಉರಿಯುವುದಕ್ಕಾದರೂ ಜೀವ ಉಳಿದಿದೆಯಲ್ಲ ಎಂದುಕೊಂಡು ಆಡಿಗೊಮ್ಮೆ, ಹೆಂಡತಿಗೊಮ್ಮೆ ಮನಸಾರೆ ಕೈಮುಗಿದ.