ಬಂಗಾರದ ಬಳ್ಳಿಯ ಗಾಲ್ಫ್ ಕೋಲು

ಬಟ್ಟೆಯ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಸೇಲಂ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ರೇಷ್ಮೆ ಪಂಚೆ ನೇಯ್ದವನು ನಾನು. ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೆ ಬೀದಿಯ ಆ ತುದಿಯಿಂದಲೇ ಹೇಳಿಬಿಡುತ್ತೇನೆ. ಇಂಥ ಕಣ್ಣಿರುವವನಿಗೆ ಗಾಲ್ಫ್ ಆಡುವ ಕೋಲು ಆರಿಸುವುದು ಯಾವ ಮಹಾ ಕೆಲಸ ಎಂದು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಆಮೇಲೆ ಬಂತು.

ನೇಕಾರನಿಗೂ ಗಾಲ್ಫಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧದ ಹೆಸರು ರಾಮಲಿಂಗ. ಹುಡುಗರಾಗಿದ್ದಾಗ ಅವನ ಮಗ್ಗ ನನ್ನ ಮಗ್ಗದ ಪಕ್ಕದಲ್ಲೇ ಇತ್ತು. ಆಮೇಲೆ ಅವನು ಸೀರೆ ವ್ಯಾಪಾರಕ್ಕೆ ಇಳಿದು ಕಾರು, ಡ್ರೈವರು ಎಲ್ಲ ಮಾಡಿಕೊಂಡ. ನಾನು ಗುಂಡಿಯಲ್ಲೇ ಉಳಿದೆ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವನು ನನ್ನ ಮನೆ ಜಗುಲಿಗೆ ಬಂದು ಕೂರುತ್ತಿದ್ದ. ಮೂಲೆ ಅಂಗಡಿಯಿಂದ ಎರಡು ಕಾಫಿ ತರಿಸುತ್ತಿದ್ದೆ. ಮಧ್ಯಾಹ್ನದವರೆಗೆ ಮಾತು. ಏನು ಮಾತು ಅಂದರೆ ಒಂದೂ ನೆನಪಿಲ್ಲ, ನೆನಪಿಟ್ಟುಕೊಳ್ಳುವಂಥದ್ದು ಒಂದೂ ಇರಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಮಗಳನ್ನು ಪಾಲಕೋಡಿಗೆ ಕೊಟ್ಟಿದ್ದೇವೆ. ದಿನಾ ಫೋನು ಮಾಡುತ್ತಾಳೆ, ಒಳ್ಳೆಯ ಹುಡುಗಿ. ಮನೆಮಾತು ಕನ್ನಡವಾದರೂ 'ಸಾಪ್ಟಿಯಾಪ್ಪಾ' ಎಂದು ತಮಿಳಿನಲ್ಲೇ ಕೇಳುತ್ತಾಳೆ. ಊಟ ಆಯಿತು ಎಂದು ನಾನೂ ತಮಿಳಿನಲ್ಲೇ ಹೇಳುತ್ತೇನೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ವಾರದಲ್ಲಿ ನಾನು ಬಾಯ್ತುಂಬ ಕನ್ನಡ ಆಡುತ್ತಿದ್ದದ್ದು ಭಾನುವಾರ ರಾಮಲಿಂಗನ ಜೊತೆ ಮಾತ್ರ. ಅಷ್ಟು ಸಾಕಾಗಿತ್ತು ಕೂಡ.

ಅಂಥವನು ಹೋದ ಆಡಿ ತಿಂಗಳಿಂದ, ನಿಮ್ಮ ಲೆಕ್ಕದ ಆಷಾಢದಿಂದ, ಬರುವುದನ್ನೇ ನಿಲ್ಲಿಸಿಬಿಟ್ಟ! ಏರ್ಕಾಡಿನ ಒಂದು ಕಾಫಿ ಎಸ್ಟೇಟಿನ ಮ್ಯಾನೇಜರ ಪರಿಚಯವಾಗಿತ್ತಂತೆ. ಬಂಗಲೆಯ ಮುಂದೆ ಆರು ಗುಂಡಿಯ ಪುಟ್ಟ ಗಾಲ್ಫ್ ಮೈದಾನವಂತೆ. ಭಾನುವಾರ ಬೆಳಿಗ್ಗೆ ಅಲ್ಲಿ ನಾಲ್ವರು ಆಡುತ್ತಾರಂತೆ. ಮೊದಲ ಭಾನುವಾರ ಇದು ಗೊತ್ತಿಲ್ಲದೆ ಎರಡು ಕಾಫಿ ತರಿಸಿ ಕಾದೆ. ಕೊನೆಗೆ ಎರಡನ್ನೂ ನಾನೇ ಕುಡಿದೆ. ಎರಡನೆಯದು ಆರಿಹೋಗಿತ್ತು.

'ಬಾರೋ, ನೀನಿಲ್ಲದೆ ಹೊತ್ತು ಹೋಗುತ್ತಿಲ್ಲ' ಎಂದು ಒಂದು ಮಾತು ಹೇಳಬಹುದಿತ್ತು. ಅರವತ್ತೆರಡರ ಗಂಡಸು ಇನ್ನೊಬ್ಬ ಅರವತ್ತೆರಡರ ಗಂಡಸಿಗೆ ಹೀಗೆ ಹೇಳುವುದುಂಟೆ? ಅದಕ್ಕಿಂತ ಗಾಲ್ಫ್ ಕಲಿಯುವುದು ಸುಲಭ ಎಂದು ಬಹಳ ಯೋಚಿಸಿ ತೀರ್ಮಾನಿಸಿದೆ.

ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಹಳೆ ಸಾಮಾನಿನ ಅಂಗಡಿಯೊಂದಿದೆ. ಎಸ್ಟೇಟ್ ಬಂಗಲೆಗಳಿಂದ ಹೊರಬಿದ್ದ ಬೀರು, ಮಂಚ, ಜಿಂಕೆ ಕೊಂಬು ಎಲ್ಲ ಅಲ್ಲಿಗೆ ಬರುತ್ತವೆ. ಗಾಲ್ಫ್ ಕೋಲುಗಳೂ ಇದ್ದವು, ಎರಡು ಚೀಲ. ಅಂಗಡಿಯವನಿಗೆ ಗಾಲ್ಫಿನ ಗಂಧ ಗಾಳಿ ಗೊತ್ತಿರಲಿಲ್ಲ. ಆದರೆ ಪ್ರಾಮಾಣಿಕ ಮನುಷ್ಯ. ಮೊದಲ ಚೀಲದ್ದು ಬೆಟ್ಟದ ಮೇಲಿದ್ದ ಎಸ್ಟೇಟಿನ ಮುದುಕ ದೊರೆಯೊಬ್ಬರು ಸಾಯುವವರೆಗೂ ದಿನಾ ಆಡಿದ ಕೋಲು, ಎರಡನೆಯದು ಯಾರೋ ಗೋಡೆಗೆ ಅಂದಕ್ಕೆ ನೇತುಹಾಕಿದ್ದು, ಅದರಲ್ಲಿ ಯಾರೂ ಆಡಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಆಡುವುದಾದರೆ ಆಡಿದ ಕೋಲೇ ವಾಸಿ ಎಂದೂ ಹೇಳಿದ.

ನಾನು ನಕ್ಕೆ. ಆಡಿದ ಕೋಲುಗಳ ಮೈತುಂಬ ಗೀರು, ಬಣ್ಣ ಮಾಸಿತ್ತು. ಗೋಡೆಯ ಕೋಲುಗಳೋ, ಮದುವೆ ಪಂಚೆಯ ಹಾಗೆ ಮಿರಿಮಿರಿ ಮಿಂಚುತ್ತಿದ್ದವು!

ಹಾಗೆಂದು ನಾನು ಬರೀ ಮಿಂಚಿಗೆ ಮರುಳಾದೆ ಎಂದು ತಿಳಿಯಬೇಡಿ. ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಗಾಲ್ಫ್ ಕೋಲಿನ ತುದಿಯಲ್ಲಿ ಕಬ್ಬಿಣದ ಚಪ್ಪಟೆ ತಲೆಯೊಂದಿರುತ್ತದೆ. ಅದಕ್ಕೆ ಎರಡು ಮೈ. ಒಂದು ಮೈ ಬೋಳು, ನಾಲ್ಕು ಅಡ್ಡಗೆರೆ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಮೈಮೇಲೆ ಕೆಂಪು ಬಣ್ಣ, ಅದರ ಸುತ್ತ ಬಂಗಾರದ ಬಳ್ಳಿ. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಇದರಲ್ಲಿ ಹೊರಮೈ ಯಾವುದು, ಒಳಮೈ ಯಾವುದು ಎಂದು ಯಾರಾದರೂ ಹೇಳಿಕೊಡಬೇಕೆ? ಬಳ್ಳಿ ಇರುವುದು ಹೊರಮೈ. ಬೋಳು ಇರುವುದು ಒಳಮೈ. ಗಿರಾಕಿಯ ಮುಂದೆ ಪಂಚೆ ಬಿಚ್ಚುವಾಗ ಒಳಮೈ ಮೇಲೆ ಬಂದರೆ ನಮ್ಮಪ್ಪ ಕೆನ್ನೆಗೆ ಬಿಡುತ್ತಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ನಾನು ಎಡಚ. ದೊರೆಯ ಹಳೆ ಕೋಲನ್ನು ನನ್ನ ಎಡಗೈಗೆ ಒಗ್ಗುವಂತೆ ಹಿಡಿದು ನಿಂತೆ. ಚೆಂಡು ಇರಬೇಕಾದ ಕಡೆಗೆ ಬೋಳು ಮೈ ತಿರುಗಿತ್ತು. ಛೆ! ಗೋಡೆಯ ಕೋಲು ಹಿಡಿದೆ. ಬಂಗಾರದ ಬಳ್ಳಿ ಸರಿಯಾಗಿ ಚೆಂಡಿನ ಕಡೆಗೇ ಬಂತು! ನನಗೆಂದೇ ಮಾಡಿಸಿದ್ದು ಎಂದು ಖಾತ್ರಿಯಾಯಿತು. ದೊರೆಯ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬಳ್ಳಿಯ ಚೀಲವನ್ನು ಹೆಗಲಿಗೇರಿಸಿದೆ.

ಮನೆ ಮುಂದೆ ಇಳಿದಾಗ ಪಕ್ಕದ ಮನೆ ಸರೋಜಕ್ಕ ಕಸ ಗುಡಿಸುತ್ತಿದ್ದರು. ಚೀಲವನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಚೌಡಣ್ಣ, ಪರದೆ ಕಂಬಿನಾ? ನಿಮ್ಮನೇಲಿ ಇರೋದೇ ಎರಡ್ ಜನ್ನಲ್ಲು, ಇಷ್ಟೊಂದ್ ಕಂಬಿ ಯಾಕೆ?"

ಇದು ಗಾಲ್ಫ್ ಆಡುವ ಕೋಲು ಎಂದು ಗಂಭೀರವಾಗಿ ವಿವರಿಸಿದೆ. ಅವರು ಪೊರಕೆ ಇಟ್ಟು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡರೋ ಏನೋ.

ಅಭ್ಯಾಸ ನಡೆದದ್ದು ನಮ್ಮ ಹಳೆ ಮಗ್ಗದ ಮನೆಯಲ್ಲಿ. ಮಗ್ಗ ಬಿಚ್ಚಿ ಎರಡು ವರ್ಷವಾಗಿದೆ, ಗುಂಡಿ ಮಾತ್ರ ಹಾಗೇ ಇದೆ. ಅದಕ್ಕಿಂತ ಒಳ್ಳೆಯ ಗಾಲ್ಫ್ ಗುಂಡಿ ಎಲ್ಲಿ ಸಿಗಬೇಕು? ಫೋನಿನಲ್ಲಿ ಗಾಲ್ಫ್ ಪಾಠ ಹಾಕಿಕೊಂಡೆ. ಅದರಲ್ಲಿ ಎಲ್ಲರೂ ಬಲಗೈಯವರು. ನಾನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ನಿಂತು ಹೊಡೆದೆ. ಚೆಂಡು ನೆಲ ಬಿಟ್ಟು ಮೇಲೇಳದೆ ಸೊರ್ರನೆ ಉರುಳಿ ಗುಂಡಿಗೆ ಬಿತ್ತು! ಎರಡನೆಯದೂ ಬಿತ್ತು. ಹತ್ತಕ್ಕೆ ಹತ್ತೂ ಬಿದ್ದವು. ನಮ್ಮ ನೆಲ ನಾಲ್ಕು ಕಡೆಯಿಂದಲೂ ಗುಂಡಿಗೇ ವಾಲಿದೆ, ಕಣ್ಣು ಮುಚ್ಚಿ ಒದ್ದರೂ ಚೆಂಡು ಅಲ್ಲಿಗೇ ಹೋಗುತ್ತದೆ ಎಂಬುದು ಹೊಳೆಯುವಷ್ಟು ಬುದ್ಧಿ ಆಗ ಇರಲಿಲ್ಲ. ಈ ವಯಸ್ಸಿನಲ್ಲಿ ಇಂಥ ಪ್ರತಿಭೆ ಹೊರಬಿತ್ತಲ್ಲ, ನೋಡಲು ನನ್ನವಳಿಲ್ಲವಲ್ಲ ಎಂದು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೆ.

ರಾಮಲಿಂಗನಿಗೆ ಫೋನು ಮಾಡಿ ಈ ಭಾನುವಾರ ನಾನೂ ಆಡಲು ಬರುತ್ತೇನೆ ಎಂದೆ. ನಿಜವಾಗಿಯೂ ಬರುತ್ತೀಯಾ ಎಂದು ಅವನು ಎರಡು ಸಲ ಕೇಳಿದ. ಹೋಗುವಾಗ ಕಾರಿನಲ್ಲಿ ಗಿರಾಕಿಗಳಿದ್ದಾರೆ, ಬಸ್ಸಿಗೆ ಬಾ, ಇಳಿಯುವಾಗ ಒಟ್ಟಿಗೆ ಬರೋಣ ಎಂದ. ಒಟ್ಟಿಗೆ ಎಂಬ ಮಾತು ಸಾಕಿತ್ತು. ಘಟ್ಟದ ಬಸ್ಸಿನಲ್ಲಿ ಇಪ್ಪತ್ತು ತಿರುವುಗಳಲ್ಲೂ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಅಪ್ಪಿಕೊಂಡು ಕೂತೆ. ಪಕ್ಕದವರ ಮಂಡಿಗೆ ಎಷ್ಟು ಸಲ ತಗುಲಿತೋ ಲೆಕ್ಕವಿಲ್ಲ. ಏಳನೆಯ ತಿರುವಿನಲ್ಲಿ ಅವರು ಎದ್ದು ಹೋಗಿ ನಿಂತುಕೊಂಡರು.

ಮೈದಾನದಲ್ಲಿ ರಾಮಲಿಂಗ, ಮ್ಯಾನೇಜರು, ಇಬ್ಬರು ಗಿರಾಕಿಗಳು ನಿಂತಿದ್ದರು. ಹೊಸಬರಿಗೆ ಮೊದಲ ಹೊಡೆತ ಎಂದು ಮರ್ಯಾದೆ ಮಾಡಿದರು. ನಾನು ಬಳ್ಳಿಯನ್ನು ಚೆಂಡಿನ ಕಡೆಗೆ ತಿರುಗಿಸಿ, ಕುಲದೇವತೆಯನ್ನು ನೆನೆದು, ಬೀಸಿದೆ.

ಚೆಂಡು ಕಾಣಲಿಲ್ಲ. ಎಲ್ಲರೂ ಹಣೆಗೆ ಕೈಯಿಟ್ಟು ಆಕಾಶ ನೋಡಿದರು. ಎಷ್ಟು ದೂರ ಹೋಯಿತಪ್ಪ ಎಂದು ನಾನೂ ನೋಡಿದೆ. ಚೆಂಡು ನನ್ನ ಕಾಲ ಬಳಿಯೇ ಹಸಿ ಮಣ್ಣಿನಲ್ಲಿ ಹೂತುಹೋಗಿತ್ತು! ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಎರಡನೆಯ ಹೊಡೆತಕ್ಕೆ ಹುಲ್ಲಿನ ಹೆಂಟೆಯೊಂದು ಹಾರಿ ಗಿರಾಕಿಯೊಬ್ಬರ ಬಿಳಿ ಪ್ಯಾಂಟಿಗೆ ಅಂಟಿತು, ಚೆಂಡು ಇದ್ದಲ್ಲೇ ಇತ್ತು. ಮೂರನೆಯ ಸಲ ಅದು ಹೊರಟಿತು. ನೆಲದ ಮೇಲೇ ಉರುಳಿ, ಮರದ ಬೇರಿಗೆ ಬಡಿದು, ಮನೆ ಗುರುತಿರುವ ದನದ ಹಾಗೆ ನನ್ನ ಕಾಲ ಬಳಿಗೇ ವಾಪಸ್ಸು ಬಂತು.

ಮ್ಯಾನೇಜರು ಬಹಳ ಮೃದುವಾಗಿ, ಸಾರ್, ನೀವು ಕೋಲಿನ ಬೆನ್ನಿನಿಂದ ಹೊಡೆಯುತ್ತಿದ್ದೀರಿ ಎಂದರು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ನಾನು ಬಿಡಲಿಲ್ಲ. ಹೊರಮೈ ಎಂದರೇನು, ಒಳಮೈ ಎಂದರೇನು, ಬಳ್ಳಿ ಯಾವ ಕಡೆ ಬರಬೇಕು ಎಂದು ನಿಂತಲ್ಲೇ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೋಲು ತೆಗೆದುಕೊಂಡು ತೋರಿಸಿದರು. ಗೆರೆ ಇರುವ ಬೋಳು ಮೈಯೇ ಹೊಡೆಯುವ ಮೈ. ಬಳ್ಳಿ ಇರುವುದು ಬರೀ ಬೆನ್ನು. ಇದು ಬಲಗೈಯವರ ಕೋಲು, ಎಡಚ ಹಿಡಿದರೆ ಬೆನ್ನೇ ಮುಂದೆ ಬರುತ್ತದೆ. ನನ್ನಂಥವರಿಗೆ ಬೇರೆ ಕೋಲೇ ಉಂಟಂತೆ. ಈ ಬೆಟ್ಟದಲ್ಲಿ ಅಂಥದ್ದು ಇದ್ದದ್ದು ಒಬ್ಬ ಮುದುಕ ದೊರೆಯ ಹತ್ತಿರ, ಗೀರು ಬಿದ್ದ ಹಳೆ ಕೋಲು, ಅದರ ಹೊಡೆತಕ್ಕೆ ಎಲ್ಲರೂ ಹೊಟ್ಟೆ ಉರಿದುಕೊಳ್ಳುತ್ತಿದ್ದರು, ಅವರು ಸತ್ತ ಮೇಲೆ ಎಲ್ಲಿ ಹೋಯಿತೋ ಪಾಪ ಎಂದರು.

ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು.

ರಾಮಲಿಂಗ ಹತ್ತಿರ ಬಂದು ಮೆಲ್ಲಗೆ, "ಲೇ ಚೌಡ, ಇದೆಲ್ಲ ನಿಂಗ್ಯಾಕ್ಲಾ ಬಂತು?" ಎಂದ.

"ಡಾಕ್ಟ್ರು ಯಾಯಾಮ ಮಾಡು ಅಂದ್ರು ಕಣ್ಲಾ" ಎಂದೆ. ಯಾವ ಡಾಕ್ಟರೂ ನನ್ನನ್ನು ನೋಡದೆ ವರ್ಷವಾಗಿತ್ತು.

ವರಾಂಡದಲ್ಲಿ ಕುರ್ಚಿ ಹಾಕಿಸಿ ಚಹಾ ಕೊಟ್ಟರು. ನಾಲ್ವರೂ ಮಾತಾಡುತ್ತ, ನಗುತ್ತ ದೂರ ದೂರ ಹೋದರು. ರಾಮಲಿಂಗ ಏನೋ ಹೇಳಿದ, ಉಳಿದ ಮೂವರು ನಕ್ಕರು. ಏನು ಹೇಳಿದನೋ ಅಲ್ಲಿಗೆ ಕೇಳಿಸಲಿಲ್ಲ. ನನ್ನನ್ನು ಕಂಡು ನಕ್ಕಿದ್ದರೂ ಪರವಾಗಿರಲಿಲ್ಲ, ಅವರ ಮಾತಿನಲ್ಲಾದರೂ ನಾನು ಇರುತ್ತಿದ್ದೆ. ಎರಡು ಗಂಟೆ ಹೊತ್ತು ಚೀಲದ ಪಕ್ಕದಲ್ಲಿ ಕೂತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಭಾನುವಾರವನ್ನು ನೋಡಿರಲಿಲ್ಲ.

ಇಳಿಯುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನು, ರಾಮಲಿಂಗ ಇಬ್ಬರೇ. ಗಿರಾಕಿಗಳು ಮೇಲೇ ಉಳಿದಿದ್ದರು. ಓಡಿಸುತ್ತಿದ್ದವನು ಕಂಬೈನಲ್ಲೂರಿನ ಮಾದೇಶ, ಐವತ್ತು ದಾಟಿದ ಡ್ರೈವರ್, ನಮ್ಮ ಮಾತಿನವನೇ. ಕಾರು ತಿರುವು ತಿರುವಿನಲ್ಲಿ ಇಳಿಯುತ್ತಿತ್ತು. ಆದ ಮಾನಭಂಗಕ್ಕಿಂತ ಹೆಚ್ಚೇನು ಆಗುವುದಕ್ಕಿದೆ ಎಂದು ಧೈರ್ಯ ಬಂತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿಯೇಬಿಟ್ಟೆ.

"ಲೇ ರಾಮ್ಲಿಂಗ, ನಂಗೆ ಗಾಲ್ಫೂ ಬ್ಯಾಡ ಏನೂ ಬ್ಯಾಡ ಕಣ್ಲಾ. ನೀ ಬರ್ದಿದ್ರೆ ಬಾನ್ವಾರ ಆ ಮನೇಲಿ ಇರಾಕಾಗಕಿಲ್ಲ. ವಾರ ಬಿಟ್ಟು ವಾರ ಆದ್ರೂ ಜಗ್ಲಿಗೆ ಬಾ."

ಒಂದು ತಿರುವು ದಾಟಿತು. ಅವನೂ ಮಾತು ಹುಡುಕುತ್ತಿರಬೇಕು ಎಂದುಕೊಂಡೆ. ಇನ್ನೊಂದು ತಿರುವು ದಾಟಿತು. ಮೆಲ್ಲಗೆ ತಿರುಗಿ ನೋಡಿದೆ. ರಾಮಲಿಂಗ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ!

ಮಾದೇಶ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ಐಯಾ ಮೂರ್ನೇ ತಿರುವಲ್ಲೇ ಮಲ್ಗ್ಬುಟ್ರು ಸಾರ್. ಎದ್ದ್ಮೇಲೆ ಅದೇ ಮಾತ್ನ ಇನ್ನೊಂದ್ ದಪ ಏಳಿ. ನಿಮ್ ಪುಣ್ಯದಾಗೆ ನಂಗೂ ಸಂಡೇ ಲೀವು ಸಿಗ್ತೈತೆ, ಎಂಡ್ರು ಮಕ್ಳ ಮಕ ನೋಡ್ತೀನಿ."

ಬೆಟ್ಟದ ಬುಡದಲ್ಲಿ ಕಾರು ಒಂದು ಗುಂಡಿಗೆ ಬಿದ್ದು ಎದ್ದಿತು. ಮಾದೇಶ ಬೇಕೆಂದೇ ಇಳಿಸಿದ್ದ ಎಂಬುದು ನನ್ನ ಗುಮಾನಿ. ರಾಮಲಿಂಗ ಕಣ್ಣುಜ್ಜಿಕೊಂಡು, "ಏನೋ ಏಳ್ತಿದ್ದಂಗಿತ್ತು?" ಎಂದ. ಮಾದೇಶ ಕಾರಿನ ವೇಗ ಕಮ್ಮಿ ಮಾಡಿದ. ಕನ್ನಡಿಯಲ್ಲಿ ಅವನ ಎರಡು ಕಣ್ಣೂ ನನ್ನ ಮೇಲೆ.

"ಏನಿಲ್ಲ ಕಣ್ಲಾ" ಎಂದೆ. "ಕೋಲು ನೋಡಾಕೆ ಚಂದಾಗೈತೆ, ಅಲ್ವಾ ಅಂದೆ."

ಚೆನ್ನಾಗಿದೆ ಎಂದು ಅವನು ಒಪ್ಪಿದ. ನಗಲಿಲ್ಲ, ಅದು ಅವನ ದೊಡ್ಡತನ. ಮುಂದಿನ ವಾರವೂ ಬಾ, ಕಾರಲ್ಲೇ ಹೋಗೋಣ ಎಂದ.

ಮರುದಿನ ಹಳೆ ಸಾಮಾನಿನ ಅಂಗಡಿಗೆ ಓಡಿದೆ. ದೊರೆಯ ಕೋಲುಗಳು ಮಾರಾಟವಾಗಿದ್ದವು. ಕೊಂಡವನು ಪಾಲಕೋಡಿನ ಕಡೆಯ ರೈತನಂತೆ, ಟೊಮೆಟೊ ಗಿಡಗಳಿಗೆ ಆಸರೆ ಕೊಡಲು ಗಟ್ಟಿ ಕಂಬಿ ಹುಡುಕುತ್ತಿದ್ದನಂತೆ. ಅವನಿಗೆ ಕೆಲಸಕ್ಕೆ ಬರುವುದು ಯಾವುದು ಎಂದು ನೋಡಿದ ತಕ್ಷಣ ಗೊತ್ತಾಗಿದೆ.

ಈಗ ನಾನು ಪ್ರತಿ ಭಾನುವಾರ ತಪ್ಪದೆ ಏರ್ಕಾಡಿಗೆ ಹೋಗುತ್ತೇನೆ. ಹೋಗುವಾಗ ರಾಮಲಿಂಗ ಫೋನಿನಲ್ಲಿರುತ್ತಾನೆ, ಬರುವಾಗ ಮೂರನೆಯ ತಿರುವಿಗೇ ಮಲಗುತ್ತಾನೆ. ನಡುವೆ ಎರಡು ಗಂಟೆ ನಾನು ವರಾಂಡದಲ್ಲಿ ಚೀಲ ಹಿಡಿದು ಕೂರುತ್ತೇನೆ. ಮಾದೇಶನೂ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾನೆ. ಕನ್ನಡ ಬಲ್ಲವನು, ಕೆಲಸವಿಲ್ಲದೆ ಕೂತವನು, ಇಷ್ಟು ಹತ್ತಿರ. ಆದರೆ ನಾನು ಅವನ ಸಂಡೇ ಲೀವು ಕಳೆದ ಆ ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ!